ಪ್ರೋಗ್ರಾಮಿನೊಳಗಿನ ಅಳಿಯ

ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಒಬ್ಬಳು ಖಾಲಾ ಇದ್ದಾಳೆ. ಖಾಲಾ ಎಂದರೆ ಚಿಕ್ಕಮ್ಮ, ಅವ್ವನ ತಂಗಿ. ಅವಳ ಕೆಲಸ ಇಷ್ಟೇ: ಕಮಲಾಪುರದಲ್ಲಿ ನಡೆದದ್ದನ್ನು ಕಲಬುರಗಿಗೆ ಮುಟ್ಟಿಸುವುದು, ಕಲಬುರಗಿಯಲ್ಲಿ ನಡೆದದ್ದನ್ನು ಕಮಲಾಪುರಕ್ಕೆ ಮುಟ್ಟಿಸುವುದು. ಯಾರು ಎಷ್ಟು ತೊಗರಿ ತಂದರು, ಯಾವ ಲಾರಿ ಹೊರಟಿತು, ಯಾವುದು ದಾರಿಯಲ್ಲಿ ಪಂಕ್ಚರಾಗಿ ನಿಂತಿತು, ಎಲ್ಲವೂ ಅವಳ ಬಾಯಲ್ಲಿ. ನಡುವೆ ನೆಟ್ ಹೋದರೆ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಡಪಡಿಸುತ್ತಾಳೆ. ನೆಟ್ ಬಂದ ಕೂಡಲೇ ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಡುತ್ತಾಳೆ. ಇಂಥ ಚಿಕ್ಕಮ್ಮ ನಿಮ್ಮ ಬಳಗದಲ್ಲೂ ಒಬ್ಬಳು ಇದ್ದಾಳು. ನಮ್ಮವಳಿಗೆ ಮಾತ್ರ ಮೈಯಿಲ್ಲ. ಅವಳು ಬರಿಯ ಪ್ರೋಗ್ರಾಮು.

ಅವಳೊಬ್ಬಳೇ ಅಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವ ದಾದಾ ಇದ್ದಾನೆ, ಅಂದರೆ ಅಜ್ಜ. ಅವನು ಎದ್ದು, ಕೆಮ್ಮಿ, ಗಂಟಲು ಸರಿಮಾಡಿಕೊಂಡ ಮೇಲೆಯೇ ಉಳಿದವರ ಕೆಲಸ ಶುರು. ಅವಸರ ಮಾಡಿದರೆ ಮತ್ತೆ ಮೊದಲಿನಿಂದ ಏಳುತ್ತಾನೆ. ನಾದಿನಿ ಇದ್ದಾಳೆ, ಯಾರು ಏನು ತಂದಿಟ್ಟರೂ ಅದರಲ್ಲಿ ತಪ್ಪು ಹುಡುಕುವುದು ಅವಳ ಹುದ್ದೆ. ಲಾರಿಯ ನಂಬರಿನಲ್ಲಿ ಒಂದು ಅಂಕೆ ಬಿಟ್ಟುಹೋದರೂ ಮೂಗು ಮುರಿದು ತಿರುಗಿ ಕಳಿಸುತ್ತಾಳೆ. ನನ್ನ ಸ್ವಂತ ನಾದಿನಿ ಪ್ರಬಂಧ ಓದುವವಳಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತೇನೆ, ಆ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ. ಇವರೆಲ್ಲರ ಜೊತೆಗೆ ಒಬ್ಬ ಅಳಿಯನೂ ಇದ್ದಾನೆ. ಅವನ ವಿಷಯ ಸ್ವಲ್ಪ ದೊಡ್ಡದು, ಆಮೇಲೆ ಹೇಳುತ್ತೇನೆ.

ಈ ಸಂಸಾರವನ್ನು ಹೂಡಿದವರು ಹಮೀದ್ ಸಾಬರು. ನಮ್ಮ ಕಡೆಯ ದಾಲ್ ಮಿಲ್ಲುಗಳಿಗೆ ಕಂಪ್ಯೂಟರ್ ಹೊಸದಾಗಿ ಬಂದ ಕಾಲದಲ್ಲಿ, ಕಲಬುರಗಿಯ ಪಕ್ಕದ ನಂದೂರಿನ ಮಲ್ಲಣ್ಣ ಸಾವ್ಕಾರರ ಮಿಲ್ಲಿಗೆಂದು ಅವರು ಒಬ್ಬರೇ ಕೂತು ಬರೆದದ್ದು. ತೊಗರಿ ಒಳಗೆ ಬಂದಾಗ ತೂಗುವುದು, ಬೇಳೆಯಾಗಿ ಹೊರಗೆ ಹೋಗುವಾಗ ತೂಗುವುದು, ನಡುವೆ ಏನೇನಾಯಿತೋ ಅದನ್ನು ನೆನಪಿಟ್ಟುಕೊಳ್ಳುವುದು. ಮುಂದೆ ಇನ್ನೂ ಕೆಲವು ಮಿಲ್ಲಿನವರು ಅದನ್ನೇ ಕೇಳಿ ಹಾಕಿಸಿಕೊಂಡರು. ಸಾಬರು ವಯಸ್ಸಾಗಿ ಕೋಟೆಯ ಹತ್ತಿರದ ಮನೆಯಲ್ಲಿ ಆರಾಮಾಗಿ ಕೂತ ಮೇಲೆ ಆ ಪ್ರೋಗ್ರಾಮು ನನ್ನ ಕೈಗೆ ಬಂತು. ಅದರ ಜೊತೆಗೆ ಸ್ಟೇಶನ್ ಬಜಾರಿನ ಲಾಡ್ಜೊಂದರ ಮಾಳಿಗೆಯ ಮೇಲಿನ ಆಫೀಸೂ ಬಂತು. ಅಲ್ಲಿ ಈಗ ಇರುವವರು ಇಬ್ಬರು: ನಾನು, ಮತ್ತು ಇಲ್ಲಿಯ ಕಾಲೇಜಿನಲ್ಲೇ ಇಂಜಿನಿಯರಿಂಗ್ ಮುಗಿಸಿ ಬಂದ ಅಸ್ಮಾ. ಅವಳ ಬೆರಳು ಚುರುಕು, ನಾಲಿಗೆ ಇನ್ನೂ ಚುರುಕು.

ಒಮ್ಮೆ ಸಾಬರನ್ನು ಕೇಳಿದ್ದೆ, ಹೀಗೆ ಬಂಧುಬಳಗದ ಹೆಸರು ಯಾಕಿಟ್ಟಿರಿ ಎಂದು.

“ಬೇಟಾ, ಮೊದಲ ನಾನೂ ಇಂಗ್ಲಿಷ್ ಹೆಸರೇ ಇಟ್ಟಿದ್ನಿ,” ಎಂದರು. “ಮರುದಿನ ಬಂದು ನೋಡಿದ್ರ ಯಾವ್ದು ಏನ್ ಮಾಡ್ತದಂತ ನನಗೇ ಯಾದ್ ಇರ್ತಿರ್ಲಿಲ್ಲ. ಮನಿ ಮಂದೀನ ಯಾರರ ಮರೀತಾರೇನು?”

ನಮ್ಮ ವೃತ್ತಿಯಲ್ಲಿ ಇಂಥ ಹಳೆಯ ಬರವಣಿಗೆಗೆ ಲೆಗಸಿ ಕೋಡ್ ಎನ್ನುತ್ತಾರೆ. ಕೇಳುವವರಿಗೆ ಹಿರಿಯರು ಬಿಟ್ಟುಹೋದ ಹೊಲಮನೆಯ ಹಾಗೆ ಕೇಳಿಸುತ್ತದೆ. ಆದರೆ ಆ ಮಾತನ್ನು ಆಡುವವರ ಮುಖ ನೋಡಿದರೆ, ಹಿರಿಯರು ಬಿಟ್ಟುಹೋದ ಕೋರ್ಟು ಕಚೇರಿಯ ವ್ಯಾಜ್ಯವೇ ಕಣ್ಣಿಗೆ ಬರುತ್ತದೆ. ದೊಡ್ಡ ಕಂಪನಿಗಳಲ್ಲಿ ಪ್ರಾಜೆಕ್ಟುಗಳಿಗೆ ಪರ್ವತ, ಗ್ರಹ, ಹುಲಿ, ಚಿರತೆಗಳ ಗುಪ್ತನಾಮ ಇಡುತ್ತಾರಂತೆ. ಗತ್ತಿಗೇನೋ ಕೊರತೆಯಿಲ್ಲ. ಆದರೆ ಚಿರತೆ ಎಂಬ ಪ್ರಾಜೆಕ್ಟು ಸಂಬಳ ಹಂಚುತ್ತದೋ, ಆಸ್ಪತ್ರೆಯ ಚೀಟಿ ಬರೆಯುತ್ತದೋ ಹೊರಗಿನವರಿಗೆ ಹೇಗೆ ತಿಳಿಯಬೇಕು? ಹೆಸರಿಟ್ಟವನು ಕೆಲಸ ಬಿಟ್ಟು ಹೋಗುತ್ತಾನೆ, ಚಿರತೆ ನಮ್ಮ ಕೋಟೆಯ ಮೇಲಿನ ಉದ್ದನೆಯ ಫಿರಂಗಿ ತೋಪಿನ ಹಾಗೆ ಮಲಗಿಬಿಡುತ್ತದೆ. ಬರುವವರು ಹೋಗುವವರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆಯೇ ಹೊರತು ಹಾರಿಸಲು ಯಾರಿಗೂ ಬರುವುದಿಲ್ಲ.

ಹಳೆಯ ಹೆಸರು, ಹೊಸ ಹೆಸರಿನ ವಿಷಯದಲ್ಲಿ ನಮ್ಮೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸರಕಾರ ಗುಲಬರ್ಗಾ ಅಳಿಸಿ ಕಲಬುರಗಿ ಎಂದು ಬರೆಸಿತು. ಬೋರ್ಡುಗಳು ಬದಲಾದವು. ಆಟೋದವರು ಮಾತ್ರ ಬೇಕಾದಾಗ ಬೇಕಾದ ಹೆಸರು ತೆಗೆಯುತ್ತಾರೆ, ಮತ್ತು ಪರವೂರಿನ ಬೀಗರು ಇಂದಿಗೂ ಫೋನಿನಲ್ಲಿ “ಗುಲಬರ್ಗಾದಾಗ ಬಿಸಲ ಹ್ಯಾಂಗದ?” ಎಂದೇ ಶುರು ಮಾಡುತ್ತಾರೆ. ಬಿಸಿಲು ಎರಡು ಹೆಸರಿಗೂ ಭೇದ ಮಾಡದೆ ಬೀಳುತ್ತದೆ. ಊರಿಗೆ ಹೊಸ ಹೆಸರಿಡುವುದರಲ್ಲಿ ಈ ಒಂದು ಅನುಕೂಲವಿದೆ, ಹೆಸರು ಬದಲಾಯಿತೆಂದು ಊರು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಪ್ರೋಗ್ರಾಮು ಅಷ್ಟು ಉದಾರಿಯಲ್ಲ ಎಂಬುದನ್ನು ನಾನು ಆಮೇಲೆ ಕಲಿತೆ.

ನನ್ನ ಹೆಸರಿನ ಕಥೆಯೂ ಇಲ್ಲಿ ಹೇಳಬೇಕು. ಕಮಲಾಪುರ ನನ್ನ ತವರು. ನಾನು ಹುಟ್ಟುವ ಹೊತ್ತಿಗೆ ಅಪ್ಪನ ಅವ್ವ ತೀರಿಕೊಂಡಿದ್ದರು, ಅವರ ಹೆಸರನ್ನೇ ನನಗಿಟ್ಟರು. ಅತ್ತೆಯ ಹೆಸರನ್ನು ಬಾಯಿಬಿಟ್ಟು ಕೂಗುವುದು ನಮ್ಮವ್ವನಿಂದ ಆಗದ ಮಾತು. ಹಾಗಾಗಿ ನಾನು ಶಾಲೆಯ ಹಾಜರಿಗೆ ಗೌರಮ್ಮ, ಮನೆಗೆ ‘ಬಾಯಿ’, ಅಂದರೆ ಅಮ್ಮನವರು. ಕರೆಯುವುದಕ್ಕೆ ಇಷ್ಟು ಕಟ್ಟುನಿಟ್ಟಾದರೆ ಬೈಯುವುದು ಎಲ್ಲಿಂದ ಬಂತು? ನಾನು ಹಾಲು ಚೆಲ್ಲಿದರೆ ಅವ್ವ ಹಾಲಿನ ಪಾತ್ರೆಗೆ ಬೈಯುತ್ತಿದ್ದಳು. ತಡವಾಗಿ ಮನೆಗೆ ಬಂದರೆ ಬಾಗಿಲಿಗೆ ಬೈಯುತ್ತಿದ್ದಳು. ನನ್ನ ತಮ್ಮನಿಗೆ ಯಾವ ಹಿರಿಯರದೂ ಅಲ್ಲದ ಹೊಚ್ಚ ಹೊಸ ಹೆಸರಿತ್ತು, ಪಾಪ, ಇಬ್ಬರ ಪಾಲಿನ ಏಟೂ ಅವನಿಗೇ ಬಿದ್ದವು. ಹೆಸರೆಂಬುದು ಕರೆಯುವುದಕ್ಕಷ್ಟೇ ಅಲ್ಲ, ಆ ಹೆಸರಿನವರ ಮುಂದೆ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದನ್ನೂ ಅದರಲ್ಲೇ ಕಟ್ಟಿಟ್ಟಿರುತ್ತಾರೆ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ.

ಈಗ ಅಳಿಯನ ವಿಷಯ. ತಿಂಗಳ ಕೊನೆಗೆ ಬಂದು, ಇಡೀ ತಿಂಗಳು ಎಷ್ಟು ತೊಗರಿ ಬಂತು, ಎಷ್ಟು ಬೇಳೆ ಹೋಯಿತು, ಎಷ್ಟು ಹೊಟ್ಟಾಯಿತು ಎಂದು ಕೇಳಿ, ಎಲ್ಲವನ್ನೂ ಒಟ್ಟುಗೂಡಿಸಿ ಹೇಳುವ ಪ್ರೋಗ್ರಾಮು ಅವನು. ನಮ್ಮ ಕಡೆ ಅಳಿಯ ಬಂದರೆ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ. ಹೊಸ ಚಾದರ ಹಾಸುತ್ತಾರೆ, ಹೋಳಿಗೆಗೆ ಹೂರಣ ರುಬ್ಬುತ್ತಾರೆ, ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾನೆ. ಅಳಿಯ ಉಂಡು ಕೈ ತೊಳೆಯುವವರೆಗೆ ಮನೆಯಲ್ಲಿ ಬೇರೆ ಕೆಲಸವಿಲ್ಲ. ಈ ಪ್ರೋಗ್ರಾಮೂ ಹಾಗೆಯೇ. ಅವನು ಬಂದು ಕೂತನೆಂದರೆ ದಾದಾ, ಖಾಲಾ, ನಾದಿನಿ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ತೂಕದ ಕಾಟಾ ಕೂಡ ನಿಲ್ಲಬೇಕು. ಸಾವ್ಕಾರರ ಮನೆಗೆ ನಿಜವಾದ ಅಳಿಯ ಬಂದು, ಆ ಗಡಿಬಿಡಿಯಲ್ಲಿ ಮಿಲ್ಲಿಗೇ ರಜೆ ಕೊಟ್ಟ ದಿನ ಹಮೀದ್ ಸಾಬರು ಅದನ್ನು ಬರೆದದ್ದಂತೆ.

ಮಿಲ್ಲಿನ ಕಂಪ್ಯೂಟರಿನ ಪರದೆಯ ಮೇಲೆ ಅದರ ಬಟನ್ನಿನಲ್ಲೂ ‘ಅಳಿಯ’ ಎಂದೇ ಬರೆದಿತ್ತು. ಇಷ್ಟು ವರ್ಷ ಅದನ್ನು ಯಾರೂ ಹಗಲು ಹೊತ್ತು ಒತ್ತಿರಲಿಲ್ಲ. ಒತ್ತಬೇಡಿ ಎಂದು ಯಾರೂ ಹೇಳಿರಲೂ ಇಲ್ಲ. ಮನೆ ತುಂಬ ಕೆಲಸವಿರುವಾಗ ಅಳಿಯನನ್ನು ಕರೆಯಬಾರದೆಂಬ ತಿಳಿವಳಿಕೆ ನಮ್ಮ ಮಂದಿಗೆ ಹುಟ್ಟಿನಿಂದ ಬಂದದ್ದು. ಸಂಜೆ ಗೇಟು ಹಾಕಿದ ಮೇಲೆ ಒತ್ತಿ, ಚಹಾ ಕುಡಿದು ಬರುತ್ತಿದ್ದರು.

ಹೀಗೆ ಎಲ್ಲ ಸುಸೂತ್ರವಾಗಿರುವಾಗ ಸಾವ್ಕಾರರ ಮಗ ವಿನಯ ಪುಣೆಯಲ್ಲಿ ಎಂಬಿಎ ಮುಗಿಸಿ ಬಂದ. ಒಳ್ಳೆಯ ಹುಡುಗ. ಆದರೆ ಹೊಸದಾಗಿ ಓದಿ ಬಂದವರಿಗೆ ಎಲ್ಲವನ್ನೂ ಒಮ್ಮೆ ಅಲ್ಲಾಡಿಸಿ ನೋಡುವ ಆಸೆ ಇರುತ್ತದೆ. ನಮ್ಮ ಪರದೆಯನ್ನು ನೋಡಿ ನಕ್ಕ.

“ಮೇಡಂ, ಖಾಲಾ, ನಾದಿನಿ, ಅಳಿಯ... ಇದೇನ್ ಪ್ರೋಗ್ರಾಮೋ, ಟೀವಿ ಸೀರಿಯಲ್ಲೋ?”

ನನಗೆ ನಾಚಿಕೆಯಾಯಿತು. ನಾಚಿಕೆ ಆಗಬಾರದಿತ್ತು, ಆದರೆ ಆಯಿತು. ಆಫೀಸಿಗೆ ಬಂದವಳೇ ಅಸ್ಮಾಳಿಗೆ ಹೇಳಿದೆ, ಹೊರಗೆ ಕಾಣುವ ಹೆಸರುಗಳನ್ನಾದರೂ ನಾಲ್ಕು ಜನ ಮೆಚ್ಚುವ ಹಾಗೆ ಇಂಗ್ಲಿಷಿನಲ್ಲಿ ಬರೆದುಬಿಡೋಣ. ಅವಳು ಚಕಚಕನೆ ಬರೆದುಬಿಟ್ಟಳು. ಅಳಿಯ ‘ಮಂತ್ಲಿ ಸಮ್ಮರಿ’ ಆದ. ಎಷ್ಟು ಸಾಧು ಹೆಸರು ನೋಡಿ! ಅದನ್ನು ಕೇಳಿದರೆ ಬಾಗಿಲ ಬಳಿ ಚಪ್ಪಲಿ ಬಿಟ್ಟು, ಯಾರಿಗೂ ತೊಂದರೆ ಕೊಡದೆ ಒಂದು ಲೋಟ ನೀರು ಕುಡಿದು ಹೋಗುವವನೆಂದೇ ಅನ್ನಿಸುತ್ತದೆ. ವಿನಯ ಅದನ್ನು ಹಾಗೆಯೇ ತಿಳಿದು ಸುಗ್ಗಿಯ ಮಟಮಟ ಮಧ್ಯಾಹ್ನ, ಗೇಟಿನ ಹೊರಗೆ ಲಾರಿಗಳು ಸಾಲುಗಟ್ಟಿ ನಿಂತಿರುವಾಗ, ಬಟನ್ ಒತ್ತಿದ.

ಕಾಟಾ ನಿಂತಿತು. ನಂದೂರಿನ ರಸ್ತೆಯ ತುಂಬ ಲಾರಿಗಳು, ಹಾರ್ನು, ಡ್ರೈವರುಗಳ ಬೈಗುಳ. ಹೆಸರು ಬದಲಾಗಿದ್ದರೂ ಅಳಿಯ ಅಳಿಯನೇ ಆಗಿದ್ದ. ಸಾವಕಾಶವಾಗಿ ಉಂಡು, ಕೈ ತೊಳೆದು, ಅಡಿಕೆ ಹಾಕಿಕೊಂಡೇ ಎದ್ದ. ಅಷ್ಟು ಹೊತ್ತಿಗೆ ವಿನಯನ ಮನಸ್ಸಿನಲ್ಲಿ ತೀರ್ಮಾನ ಆಗಿಹೋಗಿತ್ತು. ಇಂಥ ಹಳೇ ಸಾಮಾನು ಬೇಡ, ಹೈದರಾಬಾದಿನಿಂದ ದೊಡ್ಡ ಪ್ಯಾಕೇಜು ತರಿಸೋಣ ಎಂದ.

ನನಗೆ ಹೆದರಿಕೆಯಾಯಿತು ಎಂದು ಸುಮ್ಮನೆ ಒಪ್ಪಿಕೊಳ್ಳುತ್ತೇನೆ. ಮಲ್ಲಣ್ಣ ಸಾವ್ಕಾರರ ಮಿಲ್ಲು ಬಿಟ್ಟರೆ ಉಳಿದ ಮಿಲ್ಲುಗಳೂ ಅವರ ಹಿಂದೆಯೇ ಹೋಗುತ್ತವೆ. ಆಮೇಲೆ ಲಾಡ್ಜಿನ ಮೇಲಿನ ನಮ್ಮ ಆಫೀಸಿಗೆ ಬೀಗ. ಅಸ್ಮಾಳಿಗೆ ಇನ್ನೊಂದು ಕೆಲಸ ಸಿಕ್ಕೀತು. ನನಗೂ ಏನಾದರೂ ಸಿಗುತ್ತಿತ್ತೇನೋ. ಆದರೆ ಖಾಲಾನ ಗತಿ? ದಾದಾನನ್ನು ಬೆಳಿಗ್ಗೆ ಎಬ್ಬಿಸುವವರು ಯಾರು? ನಗಬೇಡಿ. ಇಷ್ಟು ವರ್ಷ ದಿನವೂ ಮಾತಾಡಿಸಿದವರನ್ನು ಒಂದು ಬಟನ್ ಒತ್ತಿ ಅಳಿಸಿಬಿಡುತ್ತಾರೆ ಎಂದರೆ ನೋಡುತ್ತ ಕೂರಲಾದೀತೇ?

ಸಾವ್ಕಾರರು ಹಳೆಯ ವ್ಯಾಪಾರಿ. ಯಾರ ಮಾತನ್ನೂ ತಳ್ಳಿಹಾಕಲಿಲ್ಲ, ಯಾರಿಗೂ ಮಾತು ಕೊಡಲಿಲ್ಲ. ಕಮಲಾಪುರದಲ್ಲಿ ಅವರದೊಂದು ಖರೀದಿ ಕೇಂದ್ರವಿದೆ. ಅಲ್ಲಿ ಒಂದು ದಿನ ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸಿ ನೋಡೋಣ ಎಂದರು.

“ವಿನಯಾ ತನ್ನದು ಸರಿ ಅಂತಾನ, ನೀನು ನಂದು ಸರಿ ಅಂತಿ, ತಂಗಿ. ಸರಿ ಅನ್ನೂದು ನನಗ ತಿಳಿಯೂ ಹಂಗ ತೋರಿಸ್ರಿ. ಸಾಕು.”

ಇಲ್ಲಿ ನಮ್ಮ ಕಸುಬಿನ ಇನ್ನೊಂದು ಸಂಗತಿ ಹೇಳಬೇಕು. ಪ್ರೋಗ್ರಾಮು ಸರಿಯಾಗಿದೆಯೇ ಎಂದು ನೋಡಲು ನಾವು ಟೆಸ್ಟುಗಳನ್ನು ಬರೆಯುತ್ತೇವೆ. ಬೇಳೆ ಬೆಂದಿದೆಯೇ ಎಂದು ಒಂದು ಕಾಳು ತೆಗೆದು ಬೆರಳಲ್ಲಿ ಹಿಚುಕಿ ನೋಡುವುದಿಲ್ಲವೇ, ಅದೇ. ಹಸಿ ತೊಗರಿ ಬಂದರೆ ಏನು ಮಾಡುತ್ತೀ ಎಂದು ಟೆಸ್ಟು ಕೇಳುತ್ತದೆ, ಪ್ರೋಗ್ರಾಮು ಉತ್ತರ ಕೊಡುತ್ತದೆ. ಸರಿಯಾದರೆ ಪರದೆಯ ಮೇಲೆ ಹಸಿರು ಗೆರೆ, ತಪ್ಪಾದರೆ ಕೆಂಪು ಗೆರೆ. ಪ್ರತಿ ಟೆಸ್ಟಿಗೂ ಒಂದು ಹೆಸರಿರಬೇಕು, ಮತ್ತು ಜಗತ್ತಿನ ಸೋಮಾರಿತನವೆಲ್ಲ ಈ ಹೆಸರುಗಳಲ್ಲಿ ತುಂಬಿಕೊಂಡಿದೆ. ‘ಟೆಸ್ಟ್ ಒಂದು’, ‘ಟೆಸ್ಟ್ ಎರಡು’, ‘ಹೊಸ ಟೆಸ್ಟ್’, ‘ಕೊನೆಯ ಟೆಸ್ಟ್’, ಅದಾದ ಮೇಲೆ ‘ನಿಜವಾಗಿ ಕೊನೆಯ ಟೆಸ್ಟ್’. ದಾದಾ, ಖಾಲಾ ಎಂದು ಮುದ್ದಾಗಿ ಕರೆಯುವ ನಮ್ಮ ಆಫೀಸಿನಲ್ಲೂ ಟೆಸ್ಟುಗಳ ಪಾಡು ಹೀಗೇ ಇತ್ತು. ಒಂದು ಬೆಳಿಗ್ಗೆ ಅಸ್ಮಾ ಗಾಬರಿಯಿಂದ ಬಂದು, “ಅಕ್ಕಾ, ಹದಿನಾಲ್ಕು ಕೆಂಪಾಗ್ಯಾದ!” ಎಂದಳು. ಹದಿನಾಲ್ಕು ಎಂದರೆ ಏನೆಂದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಇಬ್ಬರೂ ಅರ್ಧ ದಿನ ಹದಿನಾಲ್ಕು ಯಾರೆಂದು ಹುಡುಕುತ್ತ ಕೂತೆವು.

ಸಾವ್ಕಾರರ ಮಾತು ಕೇಳಿದ ಮೇಲೆ ನನಗೆ ಹೊಳೆಯಿತು. ಟೆಸ್ಟಿನ ಹೆಸರು ಒಂದು ಪೂರ್ತಿ ವಾಕ್ಯವೇ ಯಾಕಾಗಬಾರದು? ಅದೂ ಕನ್ನಡದಲ್ಲಿ? ಯಂತ್ರಕ್ಕೆ ಭಾಷೆಯ ಹಠವಿಲ್ಲ, ಹಠವೆಲ್ಲ ನಮ್ಮದು. ನಾನು ಮೊದಲ ವಾಕ್ಯ ಬರೆದೆ: ‘ತೇವಾಂಶಯುಕ್ತ ತೊಗರಿಯ ತೂಕದಲ್ಲಿ ಸೂಕ್ತ ಕಡಿತಗೊಳಿಸತಕ್ಕದ್ದು.’ ಅಸ್ಮಾ ಓದಿ ಎದ್ದು ನಿಂತಳು. “ಅಕ್ಕಾ, ಇದನ್ನ ಓದಿದ್ರ ನನಗ ತಹಸೀಲ ಆಫೀಸಿನಾಗ ನಿಂತಂಗ ಆಗ್ಲಾಕತ್ತದ.” ಅವಳು ಹೇಳಿದ್ದು ನಿಜ. ಅಳಿಸಿ, ಕಾಟಾದ ಮುಂದೆ ನಿಂತವರು ಹೇಗೆ ಅನ್ನುತ್ತಾರೋ ಹಾಗೆಯೇ ಬರೆದೆ: ‘ಹಸಿ ತೊಗರಿ ಬಂದ್ರ ತೂಕಾ ಕಡಿಮಿ ಹಿಡೀಬೇಕು.’ ಆಹಾ! ಬರೆದ ಕೂಡಲೇ ಅದರ ಕೆಳಗೆ ಇನ್ನೊಂದು ತಾನಾಗಿ ಬಂತು: ‘ಎಷ್ಟ್ ಕಡಿಮಿ ಹಿಡದೀವಿ ಅನ್ನೂದು ರೈತಗ ಕಾಣಬೇಕು.’

ಆಮೇಲೆ ನಮ್ಮಿಬ್ಬರನ್ನು ಹಿಡಿಯುವವರಿಲ್ಲ. ‘ಕರೆಂಟ್ ಹೋದ್ರ ತೂಗಿದ್ದು ಅಳಿಸಿ ಹೋಗಬಾರದು.’ ‘ಹೊರಗ ಹೋಗದ ಲಾರಿ ಮತ್ತ ಒಳಗ ಬರಬಾರದು.’ ಈ ಕೊನೆಯದು ಹುಚ್ಚು ಮಾತಿನಂತೆ ಕಾಣುತ್ತದೆ, ಆದರೆ ಒಮ್ಮೆ ನಮ್ಮ ಪ್ರೋಗ್ರಾಮಿನಲ್ಲಿ ಒಂದು ಲಾರಿ ಹಾಗೆ ಒಳಗೇ ಇದ್ದು ಮತ್ತೆ ಒಳಗೆ ಬಂದಿತ್ತು. ಬಟನ್ನುಗಳ ಮೇಲೆ ಖಾಲಾ, ನಾದಿನಿ, ಅಳಿಯರನ್ನೂ ವಾಪಸು ಕರೆತಂದೆವು. ಹೊರಗೆ ದಬ್ಬಿದ್ದಕ್ಕೆ ಯಾರೂ ಮುನಿಸಿಕೊಂಡಿರಲಿಲ್ಲ.

ಅಳಿಯನ ಹೆಸರನ್ನು ಮತ್ತೆ ಬರೆಯುವಾಗ ಕೈ ತಡೆಯಿತು. ಹಳೆಯ ಹೆಸರು ಎಚ್ಚರಿಕೆ ಕೊಡುತ್ತಿತ್ತು, ನಿಜ. ಆದರೆ ಎಚ್ಚರಿಕೆ ಇದೆಯೆಂದು ನಾವು ರೋಗವನ್ನು ಹಾಗೆಯೇ ಬಿಟ್ಟಿದ್ದೆವಲ್ಲ? ಮನೆಗೆ ಒಬ್ಬ ಬಂದನೆಂದು ಮನೆ ಮಂದಿಯೆಲ್ಲ ಕೆಲಸ ಬಿಟ್ಟು ನಿಲ್ಲುವುದು ಯಾವ ಸೀಮೆಯ ನ್ಯಾಯ? ಆ ಸಿಟ್ಟಿನಲ್ಲಿ ಇನ್ನೊಂದು ಟೆಸ್ಟು ಬರೆದೆ: ‘ಅಳಿಯ ಬಂದ್ರೂ ಕಾಟಾ ನಿಂದರಬಾರದು.’ ಓಡಿಸಿದೆ. ಕೆಂಪು. ಅದನ್ನು ಹಸಿರು ಮಾಡುವುದು ಒಂದೆರಡು ದಿನದ ಕೆಲಸವಾಗಿರಲಿಲ್ಲ, ಅಳಿಯನನ್ನು ಬೇರಿನಿಂದ ತಿದ್ದಬೇಕಿತ್ತು. ಕಮಲಾಪುರದ ದಿನ ಹತ್ತಿರ ಬಂದಿತ್ತು.

“ಅಕ್ಕಾ, ಅದೊಂದನ್ನ ತಗದ್ ಬಿಡೂಣೇನು?” ಎಂದು ಅಸ್ಮಾ ಮೆಲ್ಲಗೆ ಕೇಳಿದಳು. “ಅದು ಇಲ್ಲಂದ್ರ ಎಲ್ಲಾ ಹಸರೇ ಕಾಣ್ತದ.”

ಆಸೆ ನನಗೂ ಇತ್ತು. ಒಂದು ಗೆರೆ ಅಳಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅದು ಹದಿನಾಲ್ಕು ಎಂಬ ಅಂಕೆಯಾಗಿದ್ದರೆ ಅಳಿಸಬಹುದಿತ್ತು, ಇದು ಮಾತು. ಮಾತನ್ನು ಬರೆದ ಮೇಲೆ ಅಳಿಸಲು ಮನಸ್ಸು ಬರಲಿಲ್ಲ. ಇರಲಿ ಬಿಡು ಎಂದೆ.

ಕಮಲಾಪುರದ ಖರೀದಿ ಕೇಂದ್ರ ಒಂದು ತಗಡಿನ ಶೆಡ್ಡು. ಅಂದು ಬೆಳಿಗ್ಗೆಯೇ ಟ್ರ್ಯಾಕ್ಟರುಗಳು ಬಂದು ನಿಂತಿದ್ದವು. ಒಂದೇ ಮೇಜಿನ ಮೇಲೆ ಎರಡು ಕಂಪ್ಯೂಟರು. ಹೈದರಾಬಾದಿನಿಂದ ಬಂದವನು ಚಂದದ ಇಸ್ತ್ರಿ ಅಂಗಿಯ, ವಿನಯವಂತ ಮನುಷ್ಯ. ಅವನಿಗೂ ಮನೆಯಿದೆ, ಮೇಲಧಿಕಾರಿ ಇದ್ದಾನೆ ಎಂದು ನೆನಸಿ ನನ್ನ ಸಿಟ್ಟನ್ನು ಕಡಿಮೆ ಮಾಡಿಕೊಳ್ಳಲು ನೋಡಿದೆ, ಪೂರ್ತಿ ಆಗಲಿಲ್ಲ. ಮಧ್ಯಾಹ್ನದವರೆಗೆ ತೂಕ ನಡೆಯಿತು. ಅವನದೂ ಚೆನ್ನಾಗಿ ತೂಗಿತು, ನಮ್ಮದೂ ಚೆನ್ನಾಗಿ ತೂಗಿತು. ಎರಡೂ ಒಂದೇ ಅಂಕೆ ಹೇಳುತ್ತಿದ್ದರೆ ಗೆದ್ದವರು ಯಾರು, ಸೋತವರು ಯಾರು?

ಆಗ ಸಾವ್ಕಾರರು ಕುರ್ಚಿ ಎಳೆದುಕೊಂಡು ಮೇಜಿನ ಮುಂದೆ ಕೂತರು. “ಈಗ ಸರಿ ಅದ ಅನ್ನೂದು ತೋರಿಸ್ರಿ” ಎಂದರು.

ಹೈದರಾಬಾದಿನವನು ಮೊದಲು ತೋರಿಸಿದ. ಪರದೆ ತುಂಬ ಹಸಿರು. “ಸಬ್ ಪಾಸ್ ಹೈ, ಸರ್” ಎಂದ.

“ಪಾಸ್ ಆಗ್ಯಾದ, ಕಾಣ್ತದ. ಏನ್ ಪಾಸ್ ಆಗ್ಯಾದ?” ಎಂದು ಸಾವ್ಕಾರರು ಒಂದು ಗೆರೆಯ ಮೇಲೆ ಬೆರಳಿಟ್ಟರು.

“ಟೀಸೀ ಫೋರ್ ಒನ್ ಸೆವೆನ್, ಸರ್.”

“ಹಾಂ. ಅಂದ್ರ?”

ಅವನು ವಿನಯನ ಮುಖ ನೋಡಿದ, ವಿನಯ ಪರದೆ ನೋಡಿದ. ಆಮೇಲೆ ಅವನು ಹೈದರಾಬಾದಿಗೆ ಫೋನು ಹಚ್ಚಿದ. ಅಲ್ಲಿಯವರು ಅದು ಬೇರೆ ಟೀಮಿನವರಿಗೆ ಗೊತ್ತಿರುತ್ತದೆ ಎಂದರಂತೆ. ಆ ಟೀಮಿನವರು ಊಟಕ್ಕೆ ಹೋಗಿದ್ದರಂತೆ. ನಮ್ಮ ಹದಿನಾಲ್ಕರ ಅಣ್ಣತಮ್ಮಂದಿರೆಲ್ಲ ಹೈದರಾಬಾದಿನಲ್ಲಿದ್ದಾರೆಂದು ನನಗೆ ಅಂದು ತಿಳಿಯಿತು. ನಿಜ ಹೇಳುತ್ತೇನೆ, ಅವನ ಬಗ್ಗೆ ಉಳಿದಿದ್ದ ಸಿಟ್ಟೂ ಹೋಯಿತು.

ಆಮೇಲೆ ನಮ್ಮ ಪರದೆ. ಸಾವ್ಕಾರರು ಕನ್ನಡಕ ಏರಿಸಿಕೊಂಡು ಮೊದಲ ಗೆರೆಯನ್ನು ಜೋರಾಗಿ ಓದಿದರು. “ಹಸಿ ತೊಗರಿ ಬಂದ್ರ ತೂಕಾ ಕಡಿಮಿ ಹಿಡೀಬೇಕು. ಹೌದು.” ಎರಡನೆಯದು: “ಎಷ್ಟ್ ಕಡಿಮಿ ಹಿಡದೀವಿ ಅನ್ನೂದು ರೈತಗ ಕಾಣಬೇಕು.” ಶೆಡ್ಡಿನಲ್ಲಿದ್ದವರು ಒಬ್ಬೊಬ್ಬರಾಗಿ ಮೇಜಿನ ಸುತ್ತ ಸೇರಿದರು. “ಖಾಲಿ ಚೀಲದ ತೂಕಾ ಕಳೀಬೇಕು” ಎಂದು ಓದಿದಾಗ ಹಿಂದಿನಿಂದ ರೈತರೊಬ್ಬರು ತಡೆದರು.

“ನಿಂದರ್ರಿ ಸಾವ್ಕಾರ್ರ. ಗೋಣಿ ಚೀಲಾ ಬ್ಯಾರೆ, ಪ್ಲಾಸ್ಟಿಕ್ ಚೀಲಾ ಬ್ಯಾರೆ. ಎರಡಕ್ಕೂ ಒಂದೇ ಕಳದ್ರ ನಾವ್ ಸತ್ತೀವಿ.”

ಸಾವ್ಕಾರರು ಮುಂದಿನ ಗೆರೆ ಓದಿದರು: “ಗೋಣಿ ಚೀಲದ ತೂಕಾ ಬ್ಯಾರೆ, ಪ್ಲಾಸ್ಟಿಕ್ ಚೀಲದ ತೂಕಾ ಬ್ಯಾರೆ.”

“ಅಗದೀ ಬರೋಬ್ಬರಿ!” ಎಂದು ಆ ರೈತರು ತೊಡೆ ತಟ್ಟಿದರು. ಎಲ್ಲರೂ ನಕ್ಕರು. ನನ್ನ ಬರವಣಿಗೆಗೆ ಇಂಥ ಮೆಚ್ಚುಗೆ ಹಿಂದೆಂದೂ ಸಿಕ್ಕಿರಲಿಲ್ಲ. ಸಾಹಿತಿಗಳಿಗೆ ಸಭೆಯಲ್ಲಿ ಶಾಲು ಹೊದಿಸುವಾಗ ಹೇಗನ್ನಿಸುತ್ತದೋ ನಾನರಿಯೆ. ನನಗೆ ಆ ತಗಡಿನ ಶೆಡ್ಡಿನಲ್ಲಿ ಭುಜ ಎರಡು ಬೆರಳು ಅಗಲವಾದಂತಾಯಿತು. ಸಾವ್ಕಾರರು ಓದುತ್ತ ಹೋದರು, ಜನ ಹೌದು ಹೌದು ಎನ್ನುತ್ತ ಹೋದರು. ಕೊನೆಗೆ ಆ ಕೆಂಪು ಗೆರೆ ಬಂತು.

“ಅಳಿಯ ಬಂದ್ರೂ... ಕಾಟಾ ನಿಂದರಬಾರದು.” ಸಾವ್ಕಾರರು ತಲೆಯೆತ್ತಿದರು. “ಇದ್ಯಾಕ ಕೆಂಪದ, ತಂಗಿ?”

“ಅದೊಂದು ಇನ್ನೂ ನಮ್ಮ ಕಡಿಂದ ಆಗಿಲ್ರೀ,” ಎಂದೆ. “ಅಳಿಯ ಬಂದ್ರ ಕಾಟಾ ನಿಂದರ್ತದ್ರೀ.”

ಮೊದಲು ನಕ್ಕವನು ವಿನಯ. “ಅವತ್ತು ನಾ ಒತ್ತಿದ್ದು ಇದೇ ಏನ್ರೀ ಮೇಡಂ? ಅಳಿಯನ್ನ ಕರದಿದ್ನೇನು ನಾನು? ಮಟಮಟ ಮಧ್ಯಾಹ್ನದಾಗ?” ಅವನ ನಗು ನೋಡಿ ಎಲ್ಲರೂ ನಕ್ಕರು. ಸಾವ್ಕಾರರು ನಗಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮಗನ ಕಡೆ ತಿರುಗಿದರು.

“ವಿನಯಾ, ಇವರ ತಪ್ಪ್ ನನಗ ತಿಳೀತದ. ಅವರ ಸರಿ ನನಗ ತಿಳಿಯಂಗಿಲ್ಲ. ತಿಳಿಯದ ಸರಿ ತಗೊಂಡು ಏನ್ ಮಾಡ್ಲಿ?” ಆಮೇಲೆ ನನಗೆ ಹೇಳಿದರು, “ನಿಮ್ಮದೇ ಇರಲಿ, ತಂಗಿ. ಆದ್ರ ಬರೂ ತಿಂಗಳ ಕೊನಿಗಿ ಅದು ಹಸರ ಆಗಬೇಕು.”

ಗೆದ್ದೆವು! ಹಸಿರು ಗೆರೆಗಳೆಲ್ಲ ಸೇರಿ ಗೆಲ್ಲಿಸಲಾರದ್ದನ್ನು ಒಂದು ಕೆಂಪು ಗೆರೆ ಗೆಲ್ಲಿಸಿಕೊಟ್ಟಿತು. ಅಸ್ಮಾ ಶೆಡ್ಡಿನ ಹೊರಗೆ ಓಡಿ ಹೋಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡು ಎರಡು ಸುತ್ತು ಕುಣಿದಳು, ಟ್ರ್ಯಾಕ್ಟರಿನವರೆಲ್ಲ ನೋಡಿದರು. ಊರಿಗೆ ಬಂದವಳು ತವರಿಗೆ ಹೋಗದೆ ಇರಲಾದೀತೇ? ಅವ್ವ ಸುದ್ದಿ ಕೇಳಿ ಕೆಂಪು ಬಾಳೆಯ ಚಿಪ್ಪು ಕೈಗಿಟ್ಟಳು. ಬಸ್ಸಿನಲ್ಲಿ ಕಲಬುರಗಿ ಮುಟ್ಟುವವರೆಗೆ ನಾವಿಬ್ಬರೂ ತಿನ್ನುತ್ತ ನಗುತ್ತ ಬಂದೆವು. ಪಕ್ಕದ ಸೀಟಿನ ಹೆಂಗಸು, ಯಾರ ಮದುವಿ ಗೊತ್ತಾತು ಎಂದು ಕೇಳಿದರು. ಅಳಿಯಂದು ಎಂದು ಅಸ್ಮಾ ಹೇಳಿಬಿಟ್ಟಳು.

ಗೆದ್ದ ಮೇಲೆ ಕೆಲಸ. ಅಳಿಯ ಇಡೀ ತಿಂಗಳು ಸುಮ್ಮನಿದ್ದು ಕೊನೆಗೆ ಬಂದು ಎಲ್ಲವನ್ನೂ ಒಮ್ಮೆಲೇ ಕೇಳುತ್ತಿದ್ದನಲ್ಲ, ಅದೇ ಕೇಡಿನ ಮೂಲ. ಅವನನ್ನು ದಿನವೂ ಮನೆಯಲ್ಲೇ ಇರುವ ಹಾಗೆ ಮಾಡಿದೆವು. ಒಂದು ಚೀಲ ತೂಗಿದರೆ ಅಲ್ಲೇ ಪಕ್ಕದಲ್ಲಿ ನಿಂತು ತನ್ನ ಪಾಲಿನದನ್ನು ಕೂಡಿಸಿಕೊಳ್ಳುತ್ತಾನೆ. ಯಾರನ್ನೂ ನಿಲ್ಲಿಸುವುದಿಲ್ಲ, ಯಾರನ್ನೂ ಕಾಯಿಸುವುದಿಲ್ಲ. ತಿಂಗಳ ಕೊನೆಗೆ ಕೇಳಿದರೆ ಉತ್ತರ ಆಗಲೇ ಸಿದ್ಧ. ಹೇಳುವುದಕ್ಕೆ ಸುಲಭ, ಮಾಡುವುದರೊಳಗೆ ಅಸ್ಮಾ ಮತ್ತು ನಾನು ಒಬ್ಬರ ಮೇಲೊಬ್ಬರು ಮುನಿಸಿಕೊಂಡು, ಸೋತು, ಚಹಾ ಕುಡಿದು, ಮತ್ತೆ ಕೂತೆವು. ಒಂದು ದಿನ ಆ ಗೆರೆ ಹಸಿರಾಯಿತು. ನಂಬಿಕೆಯಾಗದೆ ಮತ್ತೆ ಮತ್ತೆ ಓಡಿಸಿದೆವು. ಹಸಿರೇ.

ಹಮೀದ್ ಸಾಬರಿಗೆ ಫೋನು ಮಾಡಿದೆ. ಮೆಟ್ಟಿಲು ಹತ್ತಲು ಕಷ್ಟಪಡುವವರು ಅಂದು ಕೋಟೆಯಿಂದ ಆಟೋ ಮಾಡಿಕೊಂಡು ಮಿಠಾಯಿ ಡಬ್ಬಿಯೊಂದಿಗೆ ಮೇಲೆ ಬಂದರು. ನಾವು ಮಾಡಿದ್ದನ್ನು ನಿಧಾನವಾಗಿ ಓದಿದರು. ತಾವು ಹುಟ್ಟಿಸಿದ್ದನ್ನು ಬೇರೆಯವರು ತಿದ್ದಿದರೆ ನೋವಾಗುತ್ತದೇನೋ ಎಂದು ನಾನು ಅಳುಕುತ್ತಿದ್ದೆ. ಅವರು ಗಡ್ಡ ಸವರಿಕೊಂಡು ನಕ್ಕರು.

“ಬೇಟಾ, ಇಂವಾ ಈಗ ಅಳಿಯ ಅಲ್ಲ. ಬಂದು ಹೋಗಾಂವಾ ಅಳಿಯ. ಇಲ್ಲೇ ಇದ್ದು ದುಡಿಯಾಂವಗ ಏನಂತೀರಿ ನೀವು? ನಮ್ಮ ಕಡಿ ಘರ್ ದಾಮಾದ್ ಅಂತೀವಿ.”

ಮನೆಯಳಿಯ! ನಾನೂ ಅಸ್ಮಾಳೂ ಒಟ್ಟಿಗೆ ಕೂಗಿದೆವು. ನಡತೆ ಬದಲಾದ ಮೇಲೆ ಹೆಸರೂ ಬದಲಾಗಬೇಕು. ಮೊದಲೇ ಹೆಸರು ಬದಲಿಸಿ ನಡತೆ ಹಿಂದೆ ಬರಲಿ ಎಂದು ಕೂತರೆ ನಂದೂರಿನ ರಸ್ತೆಯ ತುಂಬ ಲಾರಿ ನಿಲ್ಲುತ್ತವೆ. ಇಷ್ಟು ಸಣ್ಣ ವಿಷಯ ನಮಗೆ ಇಷ್ಟು ಸುತ್ತಿ ಬಳಸಿ ತಿಳಿಯಬೇಕಾಯಿತು.

ನಮ್ಮಲ್ಲಿ ತೊಟ್ಟಿಲಿಗೆ ಹಾಕಿದಾಗ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ, ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದುತ್ತಾರೆ. ಅತ್ತೆಯ ವಯಸ್ಸಿನವಳು ನಾನೊಬ್ಬಳೇ ಇದ್ದುದರಿಂದ ಕೀಲಿಮಣೆಯ ಮೇಲೆ ಬಗ್ಗಿ, ಕುರ್ರ್ ಎಂದು, ‘ಮನೆಯಳಿಯ’ ಎಂದು ಒತ್ತಿದೆ. ಅಸ್ಮಾ ತನ್ನ ಇಷ್ಟು ದಿನದ ಸಿಟ್ಟನ್ನೆಲ್ಲ ಸೇರಿಸಿ ನನ್ನ ಬೆನ್ನಿಗೆ ಗುದ್ದಿದಳು. ಸಾಬರು ಮಿಠಾಯಿ ಬಾಯಿಗಿಟ್ಟುಕೊಂಡು ಚಪ್ಪಾಳೆ ಹೊಡೆದರು.

ತಿಂಗಳ ಕೊನೆಯ ದಿನ ಮಧ್ಯಾಹ್ನ ಸಾವ್ಕಾರರ ಫೋನು ಬಂತು. ಹಿಂದೆ ಲಾರಿಗಳ ಸದ್ದು, ಹಮಾಲರ ಕೂಗು, ಕಾಟಾದ ಮೇಲೆ ಏನೋ ಧಡ್ಡೆಂದು ಇಳಿಸಿದ ಸದ್ದು.

“ತಂಗಿ, ವಿನಯಾ ಆಗಲೇ ಬಟನ್ ಒತ್ತೇನಿ ಅಂತಾನ. ಇಲ್ಲಿ ನೋಡಿದ್ರ ಕಾಟಾ ನಡದೇ ಅದ, ಲಾರಿ ಒಂದೂ ನಿಂತಿಲ್ಲ. ಅಳಿಯಾ ಬಂದಾನೋ ಇಲ್ಲೋ?”

“ಬಂದು ಭಾಳ ಹೊತ್ತಾತ್ರೀ, ಸಾವ್ಕಾರ್ರ,” ಎಂದೆ. “ಒಳಗ ಕೂತು ಬ್ಯಾಳಿ ಆರಿಸ್ಲಾಕತ್ತಾನ.”